ಟಿಪ್ಪು ಸುಲ್ತಾನ ಮತ್ತು ಮೈಸೂರಿನ ಅಗ್ನಿಬಾಣ

ಬೆಂಗಳೂರಿನಿಂದ ಉತ್ತರ ದಿಕ್ಕಿಗೆ ಸುಮಾರು 40 ಕಿಲೋಮೀಟರು ದೂರದಲ್ಲಿ ದೇವನಹಳ್ಳಿ ಎಂಬ ಊರಿದೆ. 1501ರಲ್ಲಿ ಮಲ್ಲಬೈರೇಗೌಡನೆಂಬ ಪಾಳೆಯಗಾರನು ಅಲ್ಲಿ ಮಣ್ಣಿನ ಕೋಟೆಯೊಂದನ್ನು ಕಟ್ಟಿಸಿದನು. ಮುಂದೆ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಆ ಕೋಟೆ ಕಲ್ಲಿನ ಕೋಟೆಯಾಯಿತು. ಅದರ ಬುರುಜುಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಕೋಟೆಯ ಹೊರಗೆ, ತುಸು ದೂರದಲ್ಲಿ, ಕಲ್ಲಿನ ಕಂಬಗಳನ್ನು ನಿಲ್ಲಿಸಿ ಕಟ್ಟಿದ ಒಂದು ಚಿಕ್ಕ ಆವರಣವಿದೆ. ಮೈಸೂರು ಹುಲಿ ಎಂದು ಲೋಕಪ್ರಸಿದ್ಧನಾದ ಟಿಪ್ಪು ಸುಲ್ತಾನನು ಹುಟ್ಟಿದ ಸ್ಥಳ ಅದೇ ಎಂದು ಗುರುತಿಸಲಾಗಿದೆ.

1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯ ಕೋಟೆಯನ್ನು ಮುತ್ತಿ, ತಿಂಗಳುಗಟ್ಟಲೆ ಹೋರಾಡಿ ಅದನ್ನು ವಶಪಡಿಸಿಕೊಂಡಿತು. ಆ ಮುತ್ತಿಗೆಯಲ್ಲಿ ಹೈದರಾಲಿಯೆಂಬ ಯೋಧನು ತೋರಿದ ಪರಾಕ್ರಮ ಎಲ್ಲರ ಗಮನವನ್ನೂ ಸೆಳೆಯಿತು. ಅವನ ಭಾಗ್ಯೋದಯ ಆರಂಭವಾದುದು ಅಲ್ಲಿಂದಲೇ. ಅದೇ ಊರಿನಲ್ಲಿ ಅವನಿಗೆ ಗಂಡುಮಗುವೊಂದು ಜನಿಸಿತು. ಟಿಪ್ಪುವಿನ ಜನನ 1750ರ ನವೆಂಬರ್ ತಿಂಗಳಿನಲ್ಲಿ ಆಯಿತೆಂಬುದು ರೂಢಿಯಲ್ಲಿರುವ ಗಣನೆ. ತಾಯಿಯ ಹೆಸರು ಫಕ್ರುನ್ನೀಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ನೆನಪಿಗಾಗಿ ಮಗುವಿಗೆ ಟಿಪ್ಪು ಎಂದು ಹೆಸರಿಟ್ಟರು.

ಹೈದರಾಲಿಗೆ ಓದುಬರಹ ತಿಳಿದಿರಲಿಲ್ಲ. ಆದರೆ ವಿದ್ಯೆಯ ಬೆಲೆಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಆದುದರಿಂದ ಮಗನಿಗೆ ಪಾರಸಿ, ಅರಬ್ಬಿ, ಉರ್ದು, ಕನ್ನಡ ಭಾಷೆಗಳನ್ನೂ, ಅದರೊಡನೆ ಕುದುರೆ ಸವಾರಿ, ಕತ್ತಿವರಸೆ, ಬಂದೂಕಿನ ಪ್ರಯೋಗಗಳನ್ನೂ ಕಲಿಸಲು ಏರ್ಪಾಡು ಮಾಡಿದನು. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿಗಳಿಂದ ಬಾಲಕನು ಯುದ್ಧತಂತ್ರವನ್ನು ಅಭ್ಯಾಸ ಮಾಡಿದನು. 1761ರ ವೇಳೆಗೆ ಹೈದರನು ಒಡೆಯರ ಹೆಸರಿನಲ್ಲಿ ಮೈಸೂರು ರಾಜ್ಯದ ಸಕಲ ಆಡಳಿತವನ್ನೂ ತನ್ನ ಕೈಗೆ ತೆಗೆದುಕೊಂಡಿದ್ದನು. 1767ರಲ್ಲಿ ಇಂಗ್ಲಿಷರೊಡನೆ ಮೊದಲನೆಯ ಯುದ್ಧ ಆರಂಭವಾದಾಗ ಟಿಪ್ಪುವಿಗೆ ಸುಮಾರು ಹದಿನೇಳು ವರ್ಷ. ಆ ಎಳೆಯ ವಯಸ್ಸಿನಲ್ಲಿಯೇ ಅವನು ಕುದುರೆಯ ದಂಡಿನೊಂದಿಗೆ ಮದರಾಸಿನ ಹತ್ತಿರದವರೆಗೆ ನುಗ್ಗಿ ಶತ್ರುಗಳಲ್ಲಿ ಗಾಬರಿಯನ್ನುಂಟುಮಾಡಿದನು.

ಟಿಪ್ಪುವಿನ ಹೆಸರನ್ನು ಕೇಳಿದೊಡನೆ ಅವನ ಖಡ್ಗ ನೆನಪಾಗುವುದು ಸಹಜ. ಆದರೆ ಲೋಕದ ವಿಜ್ಞಾನ ಚರಿತ್ರೆಯಲ್ಲಿ ಅವನ ಹೆಸರು ಉಳಿದಿರುವುದು ಖಡ್ಗದಿಂದಲ್ಲ, ಸುಮಾರು ಒಂದು ಗೇಣು ಉದ್ದದ ಕಬ್ಬಿಣದ ಕೊಳವೆಯಿಂದ. ಆ ಕೊಳವೆಯೇ ಮೈಸೂರಿನ ಅಗ್ನಿಬಾಣ ಅಥವಾ ರಾಕೆಟ್.

ಅಗ್ನಿಬಾಣವು ಮೈಸೂರಿನಲ್ಲಿಯೇ ಮೊದಲು ಹುಟ್ಟಿದ್ದಲ್ಲ. ಚೀನಾ ದೇಶದಲ್ಲಿಯೂ ಭಾರತದ ಹಲವು ರಾಜ್ಯಗಳಲ್ಲಿಯೂ ಅದು ಬಹುಹಿಂದಿನಿಂದ ಬಳಕೆಯಲ್ಲಿತ್ತು. ಆದರೆ ಆ ಬಾಣಗಳ ಕೊಳವೆಯನ್ನು ಸಾಮಾನ್ಯವಾಗಿ ಕಾಗದದಿಂದ ಅಥವಾ ಬಿದಿರಿನಿಂದ ಮಾಡುತ್ತಿದ್ದರು. ಅವು ಸ್ವಲ್ಪ ದೂರ ಹಾರಿ ಬೀಳುತ್ತಿದ್ದವು. ಸೈನ್ಯಕ್ಕೆ ಸಂಜ್ಞೆ ನೀಡಲು, ಆನೆ ಕುದುರೆಗಳನ್ನು ಬೆದರಿಸಲು ಅವುಗಳಿಂದ ಉಪಯೋಗವಾಗುತ್ತಿತ್ತೇ ಹೊರತು ಅವು ಯುದ್ಧದ ಗತಿಯನ್ನು ಬದಲಿಸುವಂಥ ಆಯುಧಗಳಾಗಿರಲಿಲ್ಲ. ಹೈದರನೂ ಟಿಪ್ಪುವೂ ಮಾಡಿದ ಬದಲಾವಣೆ ಮೇಲುನೋಟಕ್ಕೆ ಅತಿ ಚಿಕ್ಕದು. ಅವರು ಕಾಗದದ ಸ್ಥಾನದಲ್ಲಿ ಸುತ್ತಿಗೆಯಿಂದ ಬಡಿದು ಹದಗೊಳಿಸಿದ ಮೆದು ಕಬ್ಬಿಣವನ್ನು ಬಳಸಿದರು. ಈ ಒಂದು ಬದಲಾವಣೆಯಿಂದ ಬಾಣವು ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಹಾರುವಂತಾಯಿತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಮಾಡಿ ನೋಡಬೇಕು. ದೀಪಾವಳಿಯಲ್ಲಿ ಹಾರಿಸುವ ಬಾಣವನ್ನು ನೋಡದವರಿಲ್ಲ. ಅದರೊಳಗಿನ ಮದ್ದಿಗೆ ಬೆಂಕಿ ತಗುಲಿದಾಗ ಬಿಸಿಯಾದ ಅನಿಲ ಹುಟ್ಟುತ್ತದೆ. ಆ ಅನಿಲವು ಕೆಳಗಿನ ರಂಧ್ರದಿಂದ ರಭಸವಾಗಿ ಹೊರನುಗ್ಗುವಾಗ ಬಾಣವು ಅದಕ್ಕೆ ವಿರುದ್ಧವಾದ ದಿಕ್ಕಿಗೆ ಚಿಮ್ಮುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುತ್ತದೆ. ಬಾಣದ ವೇಗವೂ ಹೆಚ್ಚುತ್ತದೆ. ಆದರೆ ಅದೇ ಒತ್ತಡವು ಕೊಳವೆಯ ಗೋಡೆಯನ್ನೂ ಎಲ್ಲ ಕಡೆಗಳಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಕಾಗದದ ಗೋಡೆ ಈ ತಳ್ಳಿಕೆಯನ್ನು ತಾಳಲಾರದೆ ಉಬ್ಬಿ ಸೀಳಿಹೋಗುತ್ತದೆ. ಗೋಡೆ ಸೀಳದಿದ್ದರೂ, ಅದು ಬಹಳವಾಗಿ ಉಬ್ಬಿದರೆ ಒಳಗೆ ಗಟ್ಟಿಯಾಗಿ ಜಡಿದ ಮದ್ದು ಬಿರುಕು ಬಿಡುತ್ತದೆ. ಬಿರುಕಿನೊಳಕ್ಕೆ ಬೆಂಕಿ ಹೊಕ್ಕರೆ ಮದ್ದೆಲ್ಲ ಒಮ್ಮೆಗೇ ಉರಿದು ಬಾಣವು ಹಾರಿಸುವವನ ಕೈಯಲ್ಲಿಯೇ ಸಿಡಿಯಬಹುದು. ಆದ್ದರಿಂದ ಕೊಳವೆಯ ಗೋಡೆಗೆ ಎರಡು ಗುಣಗಳು ಬೇಕು. ಅದು ಒಡೆಯಬಾರದು; ಅಳತೆ ಮೀರಿ ಹಿಗ್ಗಲೂಬಾರದು.

ಯಾವುದೇ ವಸ್ತುವನ್ನು ಎಳೆದಾಗ ಅದು ಹೆಚ್ಚೋ ಕಡಮೆಯೋ ಹಿಗ್ಗುತ್ತದೆ. ಎಳೆತವನ್ನು ಬಿಟ್ಟಾಗ ಅದು ಮೊದಲಿನ ಅಳತೆಗೆ ಮರಳುವ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂದು ಹೆಸರು. ಹಿಗ್ಗದೆ, ಬಾಗದೆ ಎದುರು ನಿಲ್ಲುವ ಗುಣವನ್ನು ಬಿಗಿತವೆನ್ನಬಹುದು. ರಬ್ಬರು ಸುಲಭವಾಗಿ ಹಿಗ್ಗುವುದರಿಂದ ಅದರ ಬಿಗಿತ ಬಹಳ ಕಡಮೆ. ಕಬ್ಬಿಣದ ಬಿಗಿತವಾದರೋ ಅತ್ಯಧಿಕ. ಒಂದು ಮೀಟರು ಉದ್ದ, ಒಂದು ಚದರ ಮಿಲಿಮೀಟರು ಅಡ್ಡಕೊಯ್ತವುಳ್ಳ ಕಬ್ಬಿಣದ ತಂತಿಗೆ ಹತ್ತು ಕಿಲೋಗ್ರಾಂ ತೂಕವನ್ನು ತೂಗುಹಾಕಿದರೆ ಅದು ಹಿಗ್ಗುವುದು ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅಷ್ಟೇ ಗಾತ್ರದ ಬಿದಿರಿನ ಎಳೆಯಾದರೆ ಸುಮಾರು ಅದರ ಹತ್ತರಷ್ಟು ಹಿಗ್ಗೀತು. ಮೈಸೂರಿನ ಬಾಣದ ಕೊಳವೆಯು ಅಂದಿನ ಬೇರೆ ಬಾಣಗಳಿಗಿಂತ ಹೆಚ್ಚಿನ ಒತ್ತಡವನ್ನು ತಡೆದುಕೊಂಡ ರಹಸ್ಯಗಳಲ್ಲಿ ಇದೂ ಒಂದು.

ಈ ಕಬ್ಬಿಣ ಹೊರದೇಶದಿಂದ ಬಂದುದಲ್ಲ. ಮೈಸೂರು ಸೀಮೆಯ ಅನೇಕ ಹಳ್ಳಿಗಳಲ್ಲಿ ಕಬ್ಬಿಣವನ್ನು ಕರಗಿಸುವ ಕುಲುಮೆಗಳಿದ್ದವು. ಮಳೆಗಾಲದಲ್ಲಿ ಗುಡ್ಡಗಳಿಂದ ಹರಿದುಬರುವ ನೀರು ತೊರೆಗಳಲ್ಲಿ ಕಪ್ಪು ಮರಳನ್ನು ತಂದು ಹಾಕುತ್ತಿತ್ತು. ಜನರು ಅದನ್ನು ತೊಳೆದು, ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಗೆ ತುಂಬಿ, ಚರ್ಮದ ತಿದಿಗಳಿಂದ ಗಾಳಿಯೂದಿ ಕಾಯಿಸುತ್ತಿದ್ದರು. ಹೊರಬಂದ ಮುದ್ದೆಯನ್ನು ಅಡಿಗಲ್ಲಿನ ಮೇಲಿಟ್ಟು ಮತ್ತೆ ಮತ್ತೆ ಬಡಿದಾಗ ಕಿಟ್ಟವು ಸಿಡಿದುಹೋಗಿ ಮೆದು ಕಬ್ಬಿಣ ಉಳಿಯುತ್ತಿತ್ತು. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಬಹುಹೊತ್ತು ಕಾಯಿಸಿದರೆ ಅದು ಉಕ್ಕಾಗುತ್ತಿತ್ತು. ಆ ಉಕ್ಕು ಪಾಶ್ಚಾತ್ಯರಲ್ಲಿ ವೂಟ್ಸ್ ಎಂದು ಪ್ರಸಿದ್ಧವಾಯಿತು. ವೂಟ್ಸ್ ಎಂಬ ಮಾತು ನಮ್ಮ ಉಕ್ಕು ಎಂಬ ಮಾತಿನ ರೂಪಾಂತರವೆಂದು ವಿದ್ವಾಂಸರು ಹೇಳುತ್ತಾರೆ. ಚನ್ನಪಟ್ಟಣದಲ್ಲಿ ಈ ಉಕ್ಕಿನಿಂದ ಸಂಗೀತವಾದ್ಯಗಳ ತಂತಿಗಳನ್ನು ಎಳೆಯುತ್ತಿದ್ದರು. ಅವು ದೂರದೂರದ ನಾಡುಗಳಿಗೂ ಹೋಗುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಮೆದು ಕಬ್ಬಿಣ, ಉಕ್ಕು ಇವೆರಡರ ಬಿಗಿತವೂ ಹೆಚ್ಚುಕಡಮೆ ಒಂದೇ. ಒಂದೇ ತೂಕಕ್ಕೆ ಇವೆರಡೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ವ್ಯತ್ಯಾಸವಿರುವುದು ಎಷ್ಟು ದೂರ ಎಳೆದರೂ ಅವು ಹಿಂದಕ್ಕೆ ಮರಳಬಲ್ಲವು ಎಂಬುದರಲ್ಲಿ. ಉಕ್ಕಿನ ತಂತಿಯನ್ನು ಬಹಳವಾಗಿ ಬಿಗಿದರೂ ಅದು ತನ್ನ ಮಿತಿಯನ್ನು ದಾಟದೆ ಶ್ರುತಿಯನ್ನು ಕಾಯ್ದುಕೊಳ್ಳುತ್ತದೆ. ಮೆದು ಕಬ್ಬಿಣವು ಬೇಗನೆ ಮಿತಿಯನ್ನು ದಾಟುತ್ತದೆ. ಆದರೆ ದಾಟಿದೊಡನೆ ಒಡೆಯುವುದಿಲ್ಲ, ಹಿಗ್ಗಿ ಬಾಗಿ ಇನ್ನೂ ಸ್ವಲ್ಪ ತಾಳಿಕೊಳ್ಳುತ್ತದೆ. ಗಡುಸಾದ ಲೋಹವಾದರೆ ಥಟ್ಟನೆ ಚೂರಾಗುತ್ತದೆ. ಆದುದರಿಂದ ವೀಣೆಗೆ ಉಕ್ಕು, ಬಾಣಕ್ಕೆ ಮೆದು ಕಬ್ಬಿಣ ಎಂಬ ಆಯ್ಕೆ ವಿವೇಕದ ಆಯ್ಕೆಯೇ ಆಗಿದ್ದಿತು. ಅಕ್ಷರ ಕಲಿಯದ ಕಮ್ಮಾರನೂ ಸುತ್ತಿಗೆಯ ಪೆಟ್ಟಿನ ದನಿಯಿಂದ, ಕಾದ ಲೋಹದ ಬಣ್ಣದಿಂದ ಈ ಭೇದವನ್ನು ಅರಿಯಬಲ್ಲವನಾಗಿದ್ದನು.

ಕೊಳವೆಯೊಂದೇ ಇದ್ದರೆ ಬಾಣವು ಗಾಳಿಯಲ್ಲಿ ಗಿರಗಿರನೆ ತಿರುಗಿ ಎಲ್ಲಿಯೋ ಬೀಳುತ್ತದೆ. ಅದನ್ನು ನೇರವಾಗಿ ನಡೆಸಲು ಹಿಂಬದಿಗೆ ಉದ್ದವಾದ ಬಾಲ ಬೇಕು. ಇಂಗ್ಲೆಂಡಿನ ವೂಲಿಚ್ ಎಂಬಲ್ಲಿನ ಸಂಗ್ರಹಕ್ಕೆ ಸೇರಿದ ಎರಡು ಮೈಸೂರು ಬಾಣಗಳಲ್ಲಿ ಒಂದರ ಕೊಳವೆ 254 ಮಿಲಿಮೀಟರು ಉದ್ದ, 58 ಮಿಲಿಮೀಟರು ವ್ಯಾಸವುಳ್ಳದ್ದು. ಅದನ್ನು ಚರ್ಮದ ಪಟ್ಟಿಯಿಂದ ಸುಮಾರು ಒಂದು ಮೀಟರು ಉದ್ದದ ಕತ್ತಿಯ ಅಲಗಿಗೆ ಬಿಗಿಯಲಾಗಿದೆ. ಇನ್ನೊಂದು ಅದಕ್ಕಿಂತ ಚಿಕ್ಕದು. ಅದಕ್ಕೆ ಸುಮಾರು 1.9 ಮೀಟರು ಉದ್ದದ ಬಿದಿರಿನ ಗಳು ಇದೆ. ಬಾಲಕ್ಕೆ ಕಬ್ಬಿಣದ ಸಲಾಕೆಯನ್ನು ಬಿಟ್ಟು ಬಿದಿರನ್ನು ಆರಿಸಿದ್ದೇಕೆ? ಬಿದಿರು ಕಬ್ಬಿಣಕ್ಕಿಂತ ಸುಮಾರು ಹತ್ತು ಪಟ್ಟು ಹಗುರ. ಒಂದೇ ತೂಕ, ಒಂದೇ ಉದ್ದದ ಎರಡು ಕೋಲುಗಳನ್ನು ಮಾಡಿದರೆ ಬಿದಿರಿನದು ಬಹಳ ದಪ್ಪವಾಗಿರುತ್ತದೆ. ಆ ದಪ್ಪದಿಂದಾಗಿ ಬಿದಿರಿನ ಕೋಲು ಬಾಗುವಿಕೆಯನ್ನು ಕಬ್ಬಿಣದ ಕೋಲಿಗಿಂತ ಹಲವು ಪಟ್ಟು ಹೆಚ್ಚಾಗಿ ತಡೆಯುತ್ತದೆ. ಒತ್ತಡವನ್ನು ತಡೆಯುವಲ್ಲಿ ಕಬ್ಬಿಣ, ಹಗುರವಾಗಿಯೂ ನೇರವಾಗಿಯೂ ಇರಬೇಕಾದಲ್ಲಿ ಬಿದಿರು. ಹೀಗೆ ಒಂದೊಂದು ಕೆಲಸಕ್ಕೂ ತಕ್ಕ ವಸ್ತುವನ್ನು ಆರಿಸಿಕೊಳ್ಳುವುದೇ ಯಂತ್ರಶಿಲ್ಪದ ಮೊದಲ ಪಾಠ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಈ ಬಾಣಗಳ ಶಕ್ತಿ ಪ್ರಕಟವಾಯಿತು. ಕರ್ನಲ್ ಬೈಲಿಯ ನೇತೃತ್ವದ ಇಂಗ್ಲಿಷ್ ದಳವನ್ನು ಹೈದರನೂ ಟಿಪ್ಪುವೂ ಸುತ್ತುಗಟ್ಟಿದರು. ಹೋರಾಟದ ನಡುವೆ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದು ಅವರ ಸಾಲು ಚೆದುರಿಹೋಯಿತು. ಬಾಣದ ಬೆಂಕಿಯೇ ಇದಕ್ಕೆ ಕಾರಣವೆಂದು ಹಲವು ಚರಿತ್ರಕಾರರ ಅಭಿಪ್ರಾಯ. ಆ ವಿಜಯದ ದೊಡ್ಡ ಚಿತ್ರವು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇಂದಿಗೂ ಇದೆ.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಟಿಪ್ಪು ಪಟ್ಟಕ್ಕೆ ಬಂದು 1784ರಲ್ಲಿ ಮಂಗಳೂರಿನ ಒಪ್ಪಂದದಿಂದ ಎರಡನೆಯ ಯುದ್ಧವನ್ನು ಮುಗಿಸಿದನು. ಆಮೇಲೆ ಅವನು ರಾಜ್ಯದ ಕಸುಬುಗಳ ಏಳಿಗೆಗೆ ಮನಸ್ಸು ಕೊಟ್ಟನು. ತೂಕ, ಅಳತೆ, ಪಂಚಾಂಗಗಳನ್ನು ಹೊಸ ಕ್ರಮದಲ್ಲಿ ಅಳವಡಿಸಿದನು. ರೇಷ್ಮೆಹುಳುಗಳನ್ನು ತರಿಸಿ ಸಾಕಣೆಗೆ ಪ್ರೋತ್ಸಾಹ ನೀಡಿದನು. ಕುಶಲ ಕೆಲಸಗಾರರನ್ನು ಕರೆತರಲು ಫ್ರಾನ್ಸ್ ದೇಶಕ್ಕೆ ರಾಯಭಾರಿಗಳನ್ನು ಕಳುಹಿಸಿದನು. ಹೈದರನ ಕಾಲದಲ್ಲಿ ಸುಮಾರು 1200 ಜನರಿದ್ದ ಬಾಣದ ಪಡೆಯು ಟಿಪ್ಪುವಿನ ಕಾಲಕ್ಕೆ 5000ದವರೆಗೆ ಬೆಳೆಯಿತೆನ್ನುತ್ತಾರೆ. ಫತ್‌ಹುಲ್ ಮುಜಾಹಿದೀನ್ ಎಂಬ ಪಾರಸಿ ಗ್ರಂಥದಲ್ಲಿ ಸೈನಿಕರ ಶಿಕ್ಷಣದ ವಿಧಿಗಳನ್ನು ಬರೆಸಿದನು. ಬಾಣ ತಯಾರಾಗುತ್ತಿದ್ದ ಕೇರಿಗಳಿಗೆ ತಾರಾಮಂಡಲ ಪೇಟೆ ಎಂದು ಹೆಸರಿತ್ತು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಆ ಹೆಸರು ಇನ್ನೂ ಉಳಿದಿದೆ.

ಟಿಪ್ಪುವಿನ ಆಳ್ವಿಕೆಯಲ್ಲಿ ಕೊಡಗು, ಮಲಬಾರು ಮೊದಲಾದ ಸೀಮೆಗಳ ಜನರು ಬಹಳ ಕಷ್ಟಕ್ಕೆ ಗುರಿಯಾದರೆಂಬುದನ್ನೂ ಮರೆಯಬಾರದು. ಅವನನ್ನು ಕುರಿತು ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯಗಳಿರುವುದು ಸಹಜವೇ. ಆದರೆ ಹೊಸದನ್ನು ಕಲಿಯುವ ತವಕದಲ್ಲಿ ಅವನನ್ನು ಮೀರಿಸಿದ ಅರಸರು ಆ ಕಾಲದಲ್ಲಿ ವಿರಳ.

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದನು. ಟಿಪ್ಪು ಹುಟ್ಟಿದ ದೇವನಹಳ್ಳಿಯೂ ಅದೇ ವರ್ಷ ಅವನ ಕೈಸೇರಿತು. ಮರುವರ್ಷದ ಒಪ್ಪಂದದಂತೆ ಟಿಪ್ಪು ತನ್ನ ಅರ್ಧ ರಾಜ್ಯವನ್ನೂ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಹಣ ಸಲ್ಲುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ದಳವು ಬಾಣಗಳ ಮತ್ತು ಬಂದೂಕುಗಳ ಹೊಡೆತಕ್ಕೆ ಸಿಕ್ಕಿ ಕತ್ತಲೆಯಲ್ಲಿ ಹಿಮ್ಮೆಟ್ಟಿತು. ಮುಂದೆ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನು ಈ ವೆಲ್ಲೆಸ್ಲಿಯೇ. ಆದರೆ ಬಾಣಗಳಿಗೆ ಖಚಿತವಾದ ಗುರಿ ಇರಲಿಲ್ಲ. ಕೋಟೆಯ ಗೋಡೆಯನ್ನು ಒಡೆಯುತ್ತಿದ್ದ ಭಾರಿ ಫಿರಂಗಿಗಳನ್ನು ಅವು ತಡೆಯಲಾರದೆ ಹೋದವು. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಕೋಟೆಯೊಳಕ್ಕೆ ನುಗ್ಗಿತು. ಟಿಪ್ಪು ಶರಣಾಗತನಾಗದೆ ಕೋಟೆಯ ಬಾಗಿಲ ಬಳಿ ಹೋರಾಡುತ್ತಲೇ ಮಡಿದನು.

ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರಿಗೆ ಸಿದ್ಧವಾಗಿದ್ದ 700 ಬಾಣಗಳೂ, ಮದ್ದು ತುಂಬದ 9000 ಕೊಳವೆಗಳೂ ದೊರೆತವು. ಅವುಗಳಲ್ಲಿ ಕೆಲವು ವೂಲಿಚ್ಚಿನ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು ಬಾಣಗಳ ಪರೀಕ್ಷೆಯನ್ನು ಆರಂಭಿಸಿದನು. ಲಂಡನ್ನಿನಲ್ಲಿ ಕೊಂಡ ಕಾಗದದ ಬಾಣಗಳು ಐದಾರು ನೂರು ಗಜ ಮಾತ್ರ ಹಾರಿದವು. ಕಾಂಗ್ರೀವನು ಮದ್ದಿನ ಮಿಶ್ರಣವನ್ನು ಸುಧಾರಿಸಿ, ಕಬ್ಬಿಣದ ಕೊಳವೆಯನ್ನು ಬಳಸಿ, ಪ್ರತಿಯೊಂದು ಪ್ರಯೋಗವನ್ನೂ ಅಳೆದು ಬರೆದಿಟ್ಟು, ಆ ದೂರವನ್ನು ಸುಮಾರು 2000 ಗಜಗಳಿಗೆ ಏರಿಸಿದನು. 1806ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೂ 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೂ ಆ ಬಾಣಗಳ ಮಳೆ ಸುರಿಯಿತು.

ಅದೇ 1807ನೆಯ ಇಸವಿಯಲ್ಲಿ ಲಂಡನ್ನಿನಲ್ಲಿ ಎರಡು ಗ್ರಂಥಗಳು ಅಚ್ಚಾದವು. ಮೊದಲನೆಯದು ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ. ಟಿಪ್ಪು ಮಡಿದ ಮರುವರ್ಷವೇ ಮೈಸೂರು ಸೀಮೆಯನ್ನು ಸುತ್ತಿದ ಆತನು ಕಬ್ಬಿಣದ ಕುಲುಮೆಗಳನ್ನೂ ಚನ್ನಪಟ್ಟಣದ ತಂತಿಗಳನ್ನೂ ಅದರಲ್ಲಿ ವರ್ಣಿಸಿದ್ದಾನೆ. ಎರಡನೆಯದು ಥಾಮಸ್ ಯಂಗ್ ಎಂಬ ವಿಜ್ಞಾನಿಯ ಉಪನ್ಯಾಸಗಳ ಸಂಗ್ರಹ. ಎಳೆತಕ್ಕೂ ಹಿಗ್ಗುವಿಕೆಗೂ ಇರುವ ಸಂಬಂಧವನ್ನು ರಾಬರ್ಟ್ ಹುಕ್ ಎಂಬಾತನು 1678ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಒಂದೊಂದು ವಸ್ತುವಿನ ಬಿಗಿತವನ್ನೂ ಒಂದು ಸಂಖ್ಯೆಯಿಂದ ಸೂಚಿಸಬಹುದೆಂಬುದನ್ನು ಯಂಗ್ ವಿವರಿಸಿದನು. ಇಂದು ಆ ಸಂಖ್ಯೆಗೆ ಯಂಗ್‌ನ ಗುಣಾಂಕವೆಂದೇ ಹೆಸರು. ಸೇತುವೆಯನ್ನಾಗಲಿ ವಿಮಾನವನ್ನಾಗಲಿ ಕಟ್ಟುವವರು ಮೊದಲು ನೋಡುವ ಸಂಖ್ಯೆಗಳಲ್ಲಿ ಅದೂ ಒಂದು.

ಮೈಸೂರಿನ ಕಮ್ಮಾರರ ಕೈಗೆ ತಿಳಿದಿದ್ದ ವಿದ್ಯೆ ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ಬಂದುದು. ಯುದ್ಧದ ವಿಧಿಗಳನ್ನು ಗ್ರಂಥದಲ್ಲಿ ಬರೆಸಿದ ಟಿಪ್ಪುವಿನ ಆಸ್ಥಾನವು ಕುಲುಮೆಯ ವಿದ್ಯೆಯನ್ನು ಅಳೆದು ಬರೆದಿಡುವ ಪದ್ಧತಿಯನ್ನು ಬೆಳೆಸಲಿಲ್ಲ. ರಾಜ್ಯ ಬಿದ್ದಾಗ ಬಾಣದ ಪೇಟೆಗಳು ಮುಚ್ಚಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಗ್ಗದ ಕಬ್ಬಿಣ ಬಂದು ಹಳ್ಳಿಯ ಕುಲುಮೆಗಳು ಒಂದೊಂದಾಗಿ ಆರಿಹೋದವು. ಆ ಕೊಳವೆಗಳನ್ನು ಬಡಿದ ಕಮ್ಮಾರರಲ್ಲಿ ಒಬ್ಬನ ಹೆಸರೂ ಚರಿತ್ರೆಯ ಪುಟಗಳಲ್ಲಿ ಬೆಳಗಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಸಿಕ್ಕಿದವು. ಎರಡು ಶತಮಾನಗಳ ಕಾಲ ಕೆಸರಿನಲ್ಲಿ ಹುದುಗಿದ್ದ ಅವುಗಳೇ ಆ ಕಮ್ಮಾರರ ಹಸ್ತಾಕ್ಷರಗಳು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಮೈಸೂರಿನ ಬಾಣಗಳನ್ನು ಕುರಿತು 1985ರಲ್ಲಿ ಸಂಶೋಧನ ಪ್ರಬಂಧವೊಂದನ್ನು ಬರೆದು, ಈ ಸಾಧನೆಯತ್ತ ವಿದ್ವಾಂಸರ ಗಮನ ಸೆಳೆದರು.

2008ರಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ಕೋಟೆಯ ಬುರುಜಿನ ಮೇಲೆ ನಿಂತವರಿಗೆ ಮೇಲೇರುವ ವಿಮಾನಗಳು ಕಾಣಿಸುತ್ತವೆ. ಗಾಳಿಯ ಒತ್ತಡಕ್ಕೆ ಅವುಗಳ ರೆಕ್ಕೆಗಳು ತುಸು ಬಾಗಿ, ಒತ್ತಡ ಇಳಿದೊಡನೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಎಷ್ಟು ಬಾಗಬಹುದು, ಎಲ್ಲಿಗೆ ಮಿತಿ ಎಂಬುದನ್ನು ಮೊದಲೇ ಲೆಕ್ಕಹಾಕಿ ಬರೆದಿಟ್ಟಿರುತ್ತಾರೆ. ಅದೇ ನೆಲದಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಒಂದು ವಸ್ತುವಿನ ಶಕ್ತಿಯನ್ನು ಗುರುತಿಸಿ ಅದನ್ನು ಬಳಸಿಕೊಂಡನು. ಅದನ್ನು ಅಳೆದವರು ಬೇರೆಯವರಾದರು. ಕೈಯ ಕೌಶಲಕ್ಕೆ ಅಳತೆಯೂ ಬರಹವೂ ಜೊತೆಗೂಡಿದಾಗಲೇ ವಿದ್ಯೆಯು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅಳಿಯದೆ ಸಾಗುತ್ತದೆ. ಮೈಸೂರಿನ ಅಗ್ನಿಬಾಣವು ನಮಗೆ ಕಲಿಸುವ ಪಾಠ ಇದೇ ಆಗಿದೆ.